ಮಿಷನ್‌ಗಿಂತ ಮೊದಲು ಹೇಂಟೆ ಎಣಿಸಿ

ನಮ್ಮ ಮನೆಯಲ್ಲಿರುವ ಐವತ್ತು ಮೊಟ್ಟೆಯ ಇನ್‌ಕ್ಯುಬೇಟರ್‌ಗೆ ಕೊಟ್ಟದ್ದು 8,000 ರೂಪಾಯಿ. ಅದಕ್ಕೆಂದೇ ಹಾಕಿಸಿದ ಇನ್ವರ್ಟರ್ ಮತ್ತು ಬ್ಯಾಟರಿಗೆ 20,000. ಪಾಂಡವಪುರದ ಕಡೆಯ ಹಳ್ಳಿಮನೆ, ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಹೇಂಟೆ, ಒಂದು ಹುಂಜ. ಅಷ್ಟಕ್ಕೆ 28,000 ಸುರಿದದ್ದನ್ನು ಕಂಡವರೆಲ್ಲ ಬ್ಯಾಟರಿಯನ್ನು ತೋರಿಸಿ ದುಂದು ಅಂದರು. ಅವರ ಮಾತನ್ನು ಒಪ್ಪಲಾರೆ. ಆ 28,000ದಲ್ಲಿ ಸರಿಯಾಗಿ ಖರ್ಚಾದದ್ದೇ ಬ್ಯಾಟರಿಯ ದುಡ್ಡು. ಮಾತಾಡಬೇಕಿರುವುದು ಮಿಷನ್ನಿನ ಗಾತ್ರದ ಬಗ್ಗೆ.

ಈಗ ಇದನ್ನು ಬರೆಯಲು ಕಾರಣ ಕೆ.ಆರ್. ಪೇಟೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ. ಹೋದ ವಾರ ಫೋನ್ ಮಾಡಿ, ‘ಅಣ್ಣ, ಐನೂರು ಮೊಟ್ಟೆ ಮಿಷನ್ ತಗಳನಾ ಅಂತಿದೀನಿ. ಒಡವೆ ಇಟ್ರೆ ಲೋನ್ ಆಯ್ತದೆ. ಮರೀನ ಮಿಷನ್ ಮಾರೋರೇ ವಾಪಸ್ ಕೊಂಡ್ಕತಾರಂತೆ’ ಅಂದ. ‘ಮನೇಲಿ ಎಷ್ಟು ಹೇಂಟೆ ಅವೆ?’ ಅಂತ ಕೇಳಿದೆ. ‘ಎಂಟೋ ಒಂಬತ್ತೋ ಇರ್ಬೇಕು’ ಅಂದ. ಕೋಳಿ ಎಷ್ಟಿವೆ ಎಂದು ನಿಖರವಾಗಿ ಗೊತ್ತಿಲ್ಲ, ಒಡವೆಗೆ ಬ್ಯಾಂಕಿನಲ್ಲಿ ಎಷ್ಟು ಸಿಗುತ್ತದೆ ಎಂದು ಮಾತ್ರ ಗೊತ್ತಿದೆ.

ಲೆಕ್ಕವನ್ನು ನಾನು ಮೊಟ್ಟೆಯಿಂದ ಶುರು ಮಾಡುತ್ತೇನೆ. ನಾಟಿ ಹೇಂಟೆ ವರ್ಷಕ್ಕೆ ಅರವತ್ತರಿಂದ ಎಪ್ಪತ್ತು ಮೊಟ್ಟೆ ಇಡುತ್ತದೆ. ಅರವತ್ತೈದು ಅಂತಿಟ್ಟುಕೊಳ್ಳಿ. ಕಾವಿಗಿಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಬಾರದು, ಆಮೇಲೆ ದಿನದಿಂದ ದಿನಕ್ಕೆ ಅದರ ಕಸುವು ಇಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟು ಕೂಡಿಸಿದರೆ ಕೆಟ್ಟಿತು. ಹತ್ತು ಹೇಂಟೆಯಿಂದ ವರ್ಷಕ್ಕೆ 650 ಮೊಟ್ಟೆ, ಅದನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ ಹನ್ನೆರಡೂವರೆ. ಕಾವಿಗೆ ಬಂದ ಒಂದು ಹೇಂಟೆಯ ಹೊಟ್ಟೆಯಡಿಯಲ್ಲಿ ಹಿಡಿಸುವುದೂ ಹತ್ತರಿಂದ ಹನ್ನೆರಡೇ. ಎಂದರೆ ಹತ್ತು ಕೋಳಿಯ ಮನೆಯ ಒಂದು ವಾರದ ಮೊಟ್ಟೆಗೆ ಒಂದು ಕುಕ್ಕೆ, ಒಂದಿಷ್ಟು ಹುಲ್ಲು, ಕಾವಿಗೆ ಬಂದ ಒಂದು ಹೇಂಟೆ ಸಾಕು. ಐವತ್ತರ ಮಿಷನ್ ತುಂಬಬೇಕಾದರೆ ನಲವತ್ತು ಹೇಂಟೆ ಬೇಕು. ಐನೂರರದಕ್ಕೆ ನಾನೂರು. ನಮ್ಮ ಹುಡುಗನ ಹತ್ತಿರ ಇರುವುದು ಎಂಟೋ ಒಂಬತ್ತೋ.

ಸಾಕಾಗದ ಮೊಟ್ಟೆಯನ್ನು ಹೊರಗಿನಿಂದ ಕೊಳ್ಳಬೇಕು. ನಾನು ಕೊಳ್ಳುವುದು ನಾಗಮಂಗಲದ ಕಡೆಯಿಂದ. ರಾಗಿ, ತೆಂಗಿನ ಸೀಮೆ, ಕೋಳಿ ಬಿಟ್ಟು ಮೇಯಿಸಲು ಜಾಗವಿದೆ. ಜಕ್ಕನಹಳ್ಳಿ ಮೇಲೆ ಬೈಕಿನಲ್ಲಿ ತರುವಾಗ ಎಷ್ಟೇ ಹೊಟ್ಟು ಹಾಕಿದರೂ ಕುಲುಕುತ್ತದೆ. ತಂದ ಮೇಲೆ ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ತಣ್ಣಗೆ ಕೂರಿಸಿಯೇ ಮಿಷನ್ನಿಗೆ ಇಡಬೇಕು. ಆ ಮೊಟ್ಟೆ ಎಂದು ಇಟ್ಟದ್ದು, ಆ ಮನೆಯಲ್ಲಿ ಹುಂಜ ಇತ್ತೋ ಇಲ್ಲವೋ, ಮಾರುವವರ ಮಾತೇ ಪ್ರಮಾಣ. ಈಗ ನಾನು ಆ ಮನೆಯವರ ಕೈಗೆ ಪೆನ್ಸಿಲ್ ಕೊಟ್ಟು ಬಂದಿದ್ದೇನೆ, ಮೊಟ್ಟೆಯ ಮೇಲೇ ತಾರೀಕು ಬರೆಯುತ್ತಾರೆ. ಎರಡು ರೂಪಾಯಿ ಹೆಚ್ಚು ಕೇಳಿದರು, ಕೊಡುತ್ತೇನೆ.

ಇನ್ನು ಮರಿಯ ಲೆಕ್ಕ. ಇದನ್ನು ನಿಧಾನವಾಗಿ ಮಾಡಬೇಕು. ಮಿಷನ್ 8,000, ಬ್ಯಾಟರಿಯ ಅರ್ಧ 10,000. ಇನ್ನರ್ಧ ಮನೆಯ ದೀಪ, ಫ್ಯಾನಿನ ಲೆಕ್ಕಕ್ಕೆ. ಒಟ್ಟು 18,000. ನಾಲ್ಕು ವರ್ಷ ಬಾಳುತ್ತದೆ ಎಂದರೆ ಸವಕಳಿ ವರ್ಷಕ್ಕೆ 4,500. ವರ್ಷಕ್ಕೆ ನಾಲ್ಕು ಬ್ಯಾಚ್ ಹಾಕಿದರೆ ಒಂದು ಬ್ಯಾಚಿನ ತಲೆಗೆ 1,125. ಐವತ್ತು ಮೊಟ್ಟೆಗೆ ಹದಿನೈದರಂತೆ 750. ಕರೆಂಟು ದಿನಕ್ಕೆ ಸುಮಾರು ಒಂದು ಯೂನಿಟ್, 21 ದಿನಕ್ಕೆ ಇಪ್ಪತ್ತರ ಆಸುಪಾಸು, ಆರು ರೂಪಾಯಿಯಂತೆ 120. ಕೂಡಿಸಿದರೆ 1,995.

ಮಿಷನ್ ಮಾರುವವರ ಲೆಕ್ಕದಲ್ಲಿ ನೂರಕ್ಕೆ 98 ಮರಿ. ಐವತ್ತಕ್ಕೆ 49, ಮರಿಯೊಂದಕ್ಕೆ 41 ರೂಪಾಯಿ ಬೀಳುತ್ತದೆ. ಚೆಂದ ಕಾಣುತ್ತದೆ. ಆದರೆ ಏಳನೇ ದಿನ ರಾತ್ರಿ ದೀಪವಾರಿಸಿ ಟಾರ್ಚ್ ಹಿಡಿದು ನೋಡಿ. ಐವತ್ತರಲ್ಲಿ ಹತ್ತರೊಳಗೆ ನರವೇ ಕಾಣುವುದಿಲ್ಲ, ಹುಂಜ ಸೇರದ ಗೊಡ್ಡು ಮೊಟ್ಟೆಗಳು. ಉಳಿದ ನಲವತ್ತರಲ್ಲಿ ಮೊದಲ ವಾರ ಸಾಯುವವು ಕೆಲವು, ಚಿಪ್ಪಿಗೆ ಕೊಕ್ಕು ತಾಗಿಸಿ ಒಳಗೇ ಸಾಯುವವು ಕೆಲವು. ಮೂವತ್ತು ಮರಿ ಬಂದರೆ ಒಳ್ಳೆಯ ಬ್ಯಾಚ್ ಎನ್ನುತ್ತೇನೆ. ಆಗ ಮರಿಯ ಬೆಲೆ 66 ರೂಪಾಯಿ 50 ಪೈಸೆ.

ಅಲ್ಲಿಗೂ ಮುಗಿಯಲಿಲ್ಲ. ಮೊದಲ ಎರಡು ವಾರ ನೂರು ವ್ಯಾಟಿನ ಬಲ್ಬು ಹಗಲೂ ರಾತ್ರಿ ಉರಿಯಬೇಕು, ಸುಮಾರು 33 ಯೂನಿಟ್, 198 ರೂಪಾಯಿ. ಮೊದಲ ತಿಂಗಳ ಫೀಡು ಹದಿನೈದು ಕೆಜಿಗೆ 600. ಲಸಿಕೆಗೆ 150. ಕೊಕ್ಕರೆ ರೋಗಕ್ಕೆ ಮೊದಲ ವಾರವೇ ಲಸೋಟ ಬಿಡಬೇಕು. ಸೀಸೆ ನೂರು ಮರಿಯದ್ದು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಮೂವತ್ತಕ್ಕೆ ಬಳಸಿದರೂ ಬೆಲೆ ಪೂರ್ತಿಯದೇ. ಇಲ್ಲಿಗೆ 2,943. ಕಾಗೆ, ಮುಂಗುಸಿ, ಬೆಕ್ಕು, ಒಂದು ರಾತ್ರಿಯ ಶೀತ ಕಳೆದು ತಿಂಗಳ ಕೊನೆಗೆ ಇಪ್ಪತ್ತನಾಲ್ಕು ಉಳಿದರೆ ಮರಿಯೊಂದಕ್ಕೆ ಬಿದ್ದದ್ದು 122 ರೂಪಾಯಿ 60 ಪೈಸೆ. ವರ್ಷಕ್ಕೆ ನಾಲ್ಕರ ಬದಲು ಎರಡೇ ಬ್ಯಾಚ್ ಹಾಕಿದಿರಾ? ಸವಕಳಿ ಬ್ಯಾಚಿಗೆ 2,250 ಆಗಿ, ಮರಿಯ ಬೆಲೆ 169 ರೂಪಾಯಿ 50 ಪೈಸೆಗೆ ಹೋಗುತ್ತದೆ. ಜಾಹೀರಾತಿನ 41 ರೂಪಾಯಿಯ ಮರಿಯೂ ಇದೇ ಮರಿಯೇ. ಖಾಲಿ ನಿಂತ ಮಿಷನ್ನಿನಷ್ಟು ದುಬಾರಿ ಫೀಡೂ ಅಲ್ಲ, ಕರೆಂಟೂ ಅಲ್ಲ.

ಕರೆಂಟಿನ ಇನ್ನೊಂದು ವಿಷಯ. ಗೃಹಜ್ಯೋತಿ ಇದೆಯಲ್ಲ, ಬಿಲ್ಲೇ ಬರಲ್ಲ ಎನ್ನುವವರು ತಮ್ಮ ಮಿತಿ ನೋಡಿಕೊಳ್ಳಬೇಕು. ಪುಕ್ಕಟೆ ಸಿಗುವುದು 2022-23ರ ನಿಮ್ಮ ಸರಾಸರಿ, ಅದರ ಮೇಲೆ ಒಂದಿಷ್ಟು ಮಾತ್ರ. ಮಿಷನ್ ಮತ್ತು ಬಲ್ಬು ಸೇರಿ ಐವತ್ತು ದಾಟುತ್ತದೆ. ಮಿತಿಯಾಚೆಯದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು.

ಬ್ಯಾಟರಿ ದುಂದು ಎಂದವರಿಗೆ ನನ್ನ ಉತ್ತರ ಇಷ್ಟು. ಫ್ಯಾನಿರುವ ಮಿಷನ್ನಿನಲ್ಲಿ 37.5 ಡಿಗ್ರಿ ನಿಲ್ಲಬೇಕು. ಹೇಂಟೆಯೂ ದಿನಕ್ಕೊಮ್ಮೆ ಎದ್ದು ಕಾಳು ತಿಂದು ಬರುತ್ತದೆ, ಅಷ್ಟು ಹೊತ್ತು ತಣ್ಣಗಾದರೆ ಏನೂ ಆಗುವುದಿಲ್ಲ. ಇಡೀ ರಾತ್ರಿ ಆರಿದರೆ ಆ ಬ್ಯಾಚಿನ 750 ರೂಪಾಯಿಯ ಮೊಟ್ಟೆಯ ಜೊತೆಗೆ ಮೂರು ವಾರವೂ ಹೋಯಿತು. ಊರೊಳಗಿನ ಮನೆಗೆ ನಿರಂತರ ಜ್ಯೋತಿಯ ಲೈನಿದ್ದರೆ ಪರವಾಗಿಲ್ಲ, ತೋಟದ ಮನೆಗೆ ಪಂಪ್‌ಸೆಟ್ಟಿನ ಲೈನಿನಲ್ಲಿ ಬರುವ ಕರೆಂಟನ್ನು ನಂಬಿ ಮೊಟ್ಟೆ ಇಡಲೇಬಾರದು. 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ, ಅದರ ಅರ್ಧವನ್ನೇ ನೆಚ್ಚಿಕೊಂಡು, ಇನ್ವರ್ಟರ್ ನುಂಗುವುದನ್ನು ಕಳೆದರೂ ಐವತ್ತು ವ್ಯಾಟ್ ಎಳೆಯುವ ಮಿಷನ್ ಹದಿನೈದು ಗಂಟೆಯ ಹತ್ತಿರ ಓಡುತ್ತದೆ. ಸಿಡಿಲು ಹೊಡೆದು ಟ್ರಾನ್ಸ್‌ಫಾರ್ಮರ್ ಕೆಟ್ಟ ರಾತ್ರಿ ನಾವು ನೆಮ್ಮದಿಯಾಗಿ ಮಲಗಿದ್ದು ಅದರಿಂದಲೇ.

ಚಳಿಗಿಂತ ಕಾವು ಹೆಚ್ಚಾಗುವುದೇ ಬೇಗ ಕೊಲ್ಲುತ್ತದೆ ಎಂಬುದನ್ನು ಮಾತ್ರ ಯಾವ ಮಾರಾಟಗಾರನೂ ಹೇಳುವುದಿಲ್ಲ. ಈ ಪೆಟ್ಟಿಗೆ ಕಾಯಿಸಬಲ್ಲದು, ತಣಿಸಲಾರದು. ಏಪ್ರಿಲ್‌ನಲ್ಲಿ ಶೀಟಿನ ಮನೆಯೊಳಗೆ ಇಟ್ಟರೆ ಕೋಣೆಯ ಶಾಖವೇ ಮಿಷನ್ನಿನ ಶಾಖವನ್ನು ದಾಟುತ್ತದೆ. ನೀರಿನದೂ ಹಾಗೆಯೇ. ಮೊದಲ 18 ದಿನ ತೇವ ನೂರಕ್ಕೆ ಐವತ್ತೈದರೊಳಗೆ, ಕೊನೆಯ ಮೂರು ದಿನ ಅರವತ್ತೈದರ ಮೇಲೆ ಇರಬೇಕು. ಮಳೆಗಾಲದಲ್ಲಿ ಶ್ರೀರಂಗಪಟ್ಟಣದ ನಾಲೆಬಯಲಿನ ಮನೆಗೂ ಮಾರ್ಚ್‌ನ ನಾಗಮಂಗಲದ ಮನೆಗೂ ಒಂದೇ ಅಳತೆಯ ನೀರು ಬರೆದಿರುವ ಮಿಷನ್ನಿನ ಕಾಗದವನ್ನು ಬದಿಗಿಟ್ಟು ಮೊಟ್ಟೆ ತೂಗಿ. ಹೊರಬರುವ ಹೊತ್ತಿಗೆ ತೂಕದಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಇಳಿದಿರಬೇಕು.

ಆ 98ರ ಮಾತನ್ನು ಇಷ್ಟಕ್ಕೇ ಬಿಡಲು ಮನಸ್ಸಿಲ್ಲ. ಈಜಿಪ್ಟಿನಲ್ಲಿ ಮೊಟ್ಟೆಗೆ ಕಾವು ಕೊಡುವುದನ್ನೇ ಕುಲಕಸುಬು ಮಾಡಿಕೊಂಡವರಿದ್ದರು, ಮಣ್ಣಿನ ಒಲೆಮನೆಗಳಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ 1749ರ ತನ್ನ ಪುಸ್ತಕದಲ್ಲಿ ಅವರ ವಿದ್ಯೆಯ ಬಗ್ಗೆ ಬರೆದ. ತಲೆಮಾರುಗಳ ಅನುಭವದ ಆ ಜನ ಮೊಟ್ಟೆ ತಂದವರಿಗೆ ಕೊಡುತ್ತಿದ್ದ ಭರವಸೆ ಮೂರು ಮೊಟ್ಟೆಗೆ ಎರಡು ಮರಿ. ಐವತ್ತಕ್ಕೆ ಮೂವತ್ತಮೂರು! ಥರ್ಮೋಕೋಲ್ ಪೆಟ್ಟಿಗೆಗೆ ಒಂದು ಬಲ್ಬು, ಒಂದು ಫ್ಯಾನು ಸಿಕ್ಕಿಸಿ ನೂರಕ್ಕೆ 98 ಅನ್ನುವವರನ್ನು ನಾನು ನಂಬುವುದಿಲ್ಲ. ಮರಿಯನ್ನು ನಾವೇ ವಾಪಸ್ ಕೊಳ್ಳುತ್ತೇವೆ ಅನ್ನುವವರನ್ನಂತೂ ಮನೆಯ ಜಗಲಿಗೂ ಹತ್ತಿಸಬೇಡಿ. ತಮಿಳುನಾಡಿನ ಪೆರುಂದುರೈಯಲ್ಲಿ 2012ರಲ್ಲಿ ಎಮು ಕಂಪನಿಗಳು ಮುಚ್ಚಿಕೊಂಡಾಗ ಬೈ-ಬ್ಯಾಕ್ ಪತ್ರ ಹಿಡಿದು ನಿಂತ ಜನರನ್ನು ನೆನೆಯಿರಿ. ಹಕ್ಕಿಗಳು ಹಸಿದು ಸತ್ತವು, ಠೇವಣಿ ಮುಳುಗಿತು. ಕೊಳ್ಳುವವನೂ ಮಾರುವವನೂ ಒಬ್ಬನೇ ಆದ ವ್ಯವಹಾರದಲ್ಲಿ ಬೆಲೆ ಯಾರ ಕೈಯಲ್ಲಿರುತ್ತದೆ ಎಂದು ಬಿಡಿಸಿ ಹೇಳಬೇಕೆ?

ಇನ್ನು ಗಿರಿರಾಜ ಕೋಳಿ ಸಾಕಿದವರು ಅದರದೇ ಮೊಟ್ಟೆ ಇಟ್ಟು ಮರಿ ಮಾಡುತ್ತೇವೆ ಅನ್ನುತ್ತಾರೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಎರಡೂ ಮಿಶ್ರತಳಿ. ಮನೆಯಲ್ಲಿ ಮಾಡಿದ ಮರಿಗೆ ಆ ಬೆಳವಣಿಗೆ, ಆ ಮೊಟ್ಟೆ ಬರುವುದಿಲ್ಲ. ಅವುಗಳ ಒಂದು ದಿನದ ಮರಿಯ ಬೆಲೆ ವಿಚಾರಿಸಿ, ಮೇಲಿನ 66 ರೂಪಾಯಿ 50 ಪೈಸೆಯ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ಮಿಷನ್ ಬೇಡವೇ? ಬೇಕು, ಆದರೆ ಲಾಭ ಇರುವುದು ಮರಿಯಲ್ಲಲ್ಲ, ಹೇಂಟೆಯಲ್ಲಿ. ಕಾವು ಕೂತ ಹೇಂಟೆ 21 ದಿನ ಕೂತು, ಮರಿ ಮೇಯಿಸಿ, ಮತ್ತೆ ಮೊಟ್ಟೆಗೆ ಬರುವ ಹೊತ್ತಿಗೆ ಮೂರು ತಿಂಗಳ ಹತ್ತಿರ. ಮೊಟ್ಟೆ ತೆಗೆದು, ಗಾಳಿಯಾಡುವ ಜಾಲರಿ ಗೂಡಿನಲ್ಲಿ ಮೂರು ನಾಲ್ಕು ದಿನ ಇಟ್ಟು ಕಾವು ಬಿಡಿಸಿದರೆ ಎರಡು ಮೂರು ವಾರದಲ್ಲಿ ಮತ್ತೆ ಇಡುತ್ತದೆ. ವರ್ಷಕ್ಕೆ ಇಪ್ಪತ್ತೈದು ಮೊಟ್ಟೆ ಹೆಚ್ಚು ಸಿಕ್ಕರೆ ಹೇಂಟೆಗೆ 375 ರೂಪಾಯಿ. ಹನ್ನೆರಡು ಹೇಂಟೆಗೆ 4,500, ಮಿಷನ್, ಬ್ಯಾಟರಿಯ ವರ್ಷದ ಸವಕಳಿ ಅಲ್ಲಿಗೆ ಸರಿಹೋಯಿತು. ಹನ್ನೆರಡು ಹೇಂಟೆ ಆಗ ವಾರಕ್ಕೆ ಕೊಡುವುದು ಇಪ್ಪತ್ತು ಮೊಟ್ಟೆ. ಅದಕ್ಕೆ ಇಪ್ಪತ್ತನಾಲ್ಕರ ಮಿಷನ್ ಸಾಕು, ಐವತ್ತರದೂ ಬೇಡ.

ಇದನ್ನೆಲ್ಲ ಮಾಡಲು ಒಂದು ನೋಟ್‌ಬುಕ್ ಬೇಕು. ನಮ್ಮ ಕಡೆ ಹಾಲಿನ ಡೇರಿಯ ಪುಸ್ತಕ ಬಿಟ್ಟರೆ ಮನೆಯಲ್ಲಿ ಲೆಕ್ಕ ಬರೆಯುವ ರೂಢಿಯೇ ಇಲ್ಲ, ಅದನ್ನೂ ಬರೆಯುವವರು ಡೇರಿಯವರು. ಕಬ್ಬಿನ ದುಡ್ಡು ಬಂದ ವಾರ ಮೊಬೈಲಿನಲ್ಲಿ ಮಿಷನ್ನಿನ ವಿಡಿಯೋ ನೋಡುತ್ತೇವೆ, ಮರುವಾರ ಆರ್ಡರ್ ಮಾಡುತ್ತೇವೆ. ಯಾವ ದಿನ ಎಷ್ಟು ಇಟ್ಟಿರಿ, ಏಳನೇ ದಿನ ಎಷ್ಟು ತೆಗೆದಿರಿ, ಎಷ್ಟು ಒಡೆದು ಬಂದವು, ತಿಂಗಳಿಗೆ ಎಷ್ಟು ಉಳಿದವು, ನಾಲ್ಕೇ ಸಾಲು. ಮಕ್ಕಳ ಕೈಲಿ ಬರೆಸಿ, ಅವರಿಗೂ ಗೊತ್ತಾಗಲಿ. ಹಬ್ಬದ ಲೆಕ್ಕವೂ ಅಲ್ಲೇ ಬರಲಿ. ನಾಟಿ ಕೋಳಿ ಮಾರಾಟದ ತೂಕಕ್ಕೆ ಬರಲು ಆರು ತಿಂಗಳು ಬೇಕು. ಯುಗಾದಿಯ ಮರುದಿನ, ವರ್ಷತೊಡಕಿಗೆ, ಮಂಡ್ಯ ಸೀಮೆಯಲ್ಲಿ ಸಿಗುವ ಬೆಲೆ ಬೇಕಾದರೆ ಗೌರಿ ಹಬ್ಬದ ಆಸುಪಾಸಿನಲ್ಲೇ ಮೊಟ್ಟೆ ಇಟ್ಟಿರಬೇಕು. ಆ ಬ್ಯಾಚನ್ನು ತಪ್ಪಿಸಿಕೊಂಡು ಶ್ರಾವಣಕ್ಕೆ ಕೋಳಿ ಬೆಳೆಸಿದರೆ ಕೇಳುವವರಿಲ್ಲ.

ತಮ್ಮನಿಗೆ ಸಾಲ ಬೇಡ ಅಂದೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಅರ್ಧ ಸಬ್ಸಿಡಿ ಇದೆಯಲ್ಲ ಅಂದ. ಇದೆ, 25 ಲಕ್ಷದವರೆಗೆ, ಆದರೆ ಅದು ಸಾವಿರ ತಾಯಿಕೋಳಿ ಸಾಕಿ ಹ್ಯಾಚರಿ ನಡೆಸುವವರಿಗೆ. ಅವನಿಗೆ ಹೊಂದುವುದು ಬಾಡಿಗೆ ಕೆಲಸ. ಸುತ್ತಲಿನ ಮನೆಗಳ ಮೊಟ್ಟೆ ತಂದು, ಮರಿ ಮಾಡಿ ಕೊಟ್ಟು, ಮೊಟ್ಟೆಗಿಷ್ಟು ಅಂತ ತೆಗೆದುಕೊಳ್ಳುವುದು. ಬಾಡಿಗೆ ಇಟ್ಟ ಮೊಟ್ಟೆಯ ಮೇಲಿರಬೇಕು, ಮರಿಯ ಮೇಲಲ್ಲ, ಯಾಕೆಂದರೆ ಗೊಡ್ಡು ಮೊಟ್ಟೆ ತಂದದ್ದು ಅವರು. ಏಳನೇ ದಿನ ಅವರನ್ನೇ ಕರೆದು ಟಾರ್ಚಿನಲ್ಲಿ ತೋರಿಸಿದರೆ ಜಗಳ ಬರುವುದಿಲ್ಲ. ನನ್ನಂಥದೇ ಐವತ್ತರ ಮಿಷನ್ನಿನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ಬ್ಯಾಚ್ ಓಡಿಸಿದರೆ ಸವಕಳಿ 375, ಕರೆಂಟು 120, ಒಟ್ಟು 495. ಐವತ್ತಕ್ಕೆ ಹಂಚಿದರೆ ಮೊಟ್ಟೆಗೆ ಹತ್ತು ರೂಪಾಯಿಯ ಹತ್ತಿರ ಅವನ ಖರ್ಚೇ ಆಯಿತು. ಹದಿನೈದು ಕೊಡಲು ಒಪ್ಪುವ ಮನೆಗಳು ಕಿಕ್ಕೇರಿ ಕಡೆ ಎಷ್ಟಿವೆ ಎಂದು ಮೊದಲು ಕೇಳಿ ಬಾ, ಒಡವೆ ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇರಲಿ ಅಂದಿದ್ದೇನೆ. ಈ ಭಾನುವಾರ ಹೊರಟಿದ್ದಾನೆ.