ಕೊಟ್ಟಿಗೆಯ ಹಿಂದಿನ ನೀರಿಗೆ ದಾರಿ ಮಾಡಿ



ಮನೆಯ ಮುಂಭಾಗವನ್ನು ನಾವೆಲ್ಲರೂ ಅಚ್ಚುಕಟ್ಟಾಗಿ ಇಟ್ಟುಕೊಳ್ಳುತ್ತೇವೆ. ಬೆಳಿಗ್ಗೆ ಎದ್ದು ಸಾರಿಸಿ ರಂಗೋಲಿ ಇಡುತ್ತೇವೆ, ಗೋಡೆಯ ಪಕ್ಕ ನಾಲ್ಕು ಹೂವಿನ ಗಿಡ ನೆಡುತ್ತೇವೆ. ಆದರೆ ಡೇರಿಯ ಬಟವಾಡೆ ತಂದುಕೊಡುವ ಹಸು ಇರುವುದು ಹಿತ್ತಲಿನಲ್ಲಿ. ಅಲ್ಲಿ ಬಚ್ಚಲ ನೀರು, ಕೊಟ್ಟಿಗೆ ತೊಳೆದ ನೀರು, ಸೂರಿನ ನೀರು ಎಲ್ಲವೂ ಒಂದಾಗಿ ನಿಂತಿರುತ್ತದೆ. ಮಳೆಗಾಲದಲ್ಲಂತೂ ಕಾಲಿಟ್ಟರೆ ಮೊಣಕಾಲಿನವರೆಗೆ ಕೆಸರು.

ಕೆಲವು ವರ್ಷಗಳ ಹಿಂದೆ ಒಂದು ಮನೆಯ ಮಿಶ್ರತಳಿ ಹಸುವಿಗೆ ಒಂದೇ ಮಳೆಗಾಲದಲ್ಲಿ ಮೂರು ಬಾರಿ ಕೆಚ್ಚಲು ಬಾವಿನ ಚಿಕಿತ್ಸೆ ಮಾಡಿದ್ದೆ. ಪ್ರತಿ ಬಾರಿಯೂ ಮೊಲೆಗೆ ಟ್ಯೂಬು ಏರಿಸಿ, ಚುಚ್ಚುಮದ್ದು ಕೊಟ್ಟು, ಔಷಧಿ ಕೊಟ್ಟ ದಿನಗಳ ಹಾಲನ್ನು ಸಂಘಕ್ಕೆ ಹಾಕಬೇಡಿ ಎಂದು ಹೇಳಿ ಬರುತ್ತಿದ್ದೆ. ನಾಲ್ಕನೇ ಬಾರಿ ಹೋದಾಗ ಆ ಮನೆಯ ಅಜ್ಜಿ, "ಡಾಕ್ಟ್ರೇ, ಸೂಜಿ ಏನೋ ಹಾಕ್ತೀರಿ, ಇದು ರಾತ್ರಿ ಎಲ್ಲಿ ಮಲಗ್ತದೆ ಅಂತ ಒಂದು ದಿನಾನಾದ್ರೂ ನೋಡಿದ್ದೀರಾ?" ಎಂದು ಕೇಳಿದರು. ನೋಡಿರಲಿಲ್ಲ. ಹಸುವನ್ನು ಪ್ರತಿ ಬಾರಿಯೂ ಮನೆಯ ಮುಂದಿನ ಚಪ್ಪಡಿಗೆ ಹಿಡಿದು ತರುತ್ತಿದ್ದರು, ನಾನೂ ಅಲ್ಲೇ ನೋಡಿ ಹೋಗುತ್ತಿದ್ದೆ. ಹಿತ್ತಲಿಗೆ ಹೋಗಿ ನೋಡಿದರೆ ಹಸುವಿನ ಹಿಂಗಾಲು ಊರುವ ಜಾಗವೇ ಹೊಂಡ. ಅಷ್ಟರಲ್ಲಿ ಒಂದು ಮೊಲೆ ಬತ್ತಿಹೋಗಿತ್ತು, ಅದು ಮತ್ತೆ ಬರಲಿಲ್ಲ. ಆ ನಷ್ಟದಲ್ಲಿ ನನ್ನ ಪಾಲೂ ಇದೆ ಎಂದೇ ಇದನ್ನು ಬರೆಯುತ್ತಿದ್ದೇನೆ.

ಹಾಲು ಕರೆದ ಮೇಲೆ ಮೊಲೆತೊಟ್ಟಿನ ತುದಿಯ ರಂಧ್ರ ಕೂಡಲೇ ಮುಚ್ಚಿಕೊಳ್ಳುವುದಿಲ್ಲ. ಅರ್ಧ ಗಂಟೆಯಾದರೂ ಬೇಕು. ಅಷ್ಟರೊಳಗೆ ಹಸು ಸಗಣಿ ಗಂಜಲದ ಕೆಸರಿನಲ್ಲಿ ಮಲಗಿತೆಂದರೆ ರೋಗಾಣುಗಳಿಗೆ ಬಾಗಿಲು ತೆರೆದಿಟ್ಟಂತೆಯೇ. ಕರೆದ ಕೂಡಲೇ ಮೇವು ಹಾಕಿ ಹಸುವನ್ನು ನಿಲ್ಲಿಸಿಕೊಳ್ಳಿ ಎಂದು ನಾವು ಹೇಳುವುದು ಇದಕ್ಕಾಗಿ. ಆದರೆ ಅರ್ಧ ಗಂಟೆಯ ನಂತರವಾದರೂ ಅದು ಮಲಗಲೇಬೇಕಲ್ಲ. ಸದಾ ಒದ್ದೆಯಲ್ಲಿ ನಿಂತರೆ ಗೊರಸು ಮೆತ್ತಗಾಗಿ ಕುಂಟು ಬರುವುದೂ ಉಂಟು.

ಇದಕ್ಕೆ ದೊಡ್ಡ ಖರ್ಚಿನ ಕೊಟ್ಟಿಗೆ ಕಟ್ಟಬೇಕಾಗಿಲ್ಲ. ಮನೆಯವರೇ ಇಬ್ಬರು ಸೇರಿ ಬೇಸಿಗೆಯಲ್ಲಿ ನಾಲ್ಕೈದು ದಿನ ಗುದ್ದಲಿ ಹಿಡಿದರೆ ಹೆಚ್ಚಿನ ಕೆಲಸ ಮುಗಿಯುತ್ತದೆ.

ಮೊದಲು ನೀರನ್ನು ನೋಡಿ

ಗುದ್ದಲಿ ಹಾಕುವ ಮುಂಚೆ ಕೊಟ್ಟಿಗೆಯಲ್ಲಿ ನಾಲ್ಕು ಬಿಂದಿಗೆ ನೀರು ಸುರಿದು ಅದು ಎಲ್ಲಿಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ನಿಂತ ಕಡೆಯೆಲ್ಲ ಗೂಟ ಹೊಡೆಯಿರಿ. ಕೊಟ್ಟಿಗೆಯನ್ನು ದಿನವೂ ತೊಳೆಯುವವರು ಹೆಚ್ಚಾಗಿ ತಾಯಂದಿರು. ಅವರನ್ನು ಕೇಳಿದರೆ ಗೂಟದ ಜಾಗವನ್ನು ನೀರು ಸುರಿಯದೆಯೇ ತೋರಿಸಿಬಿಡುತ್ತಾರೆ.

ಸೂರಿನ ನೀರನ್ನು ಕೊಟ್ಟಿಗೆಯ ನೀರಿನ ಜೊತೆ ಸೇರಿಸಬೇಡಿ. 20 ಅಡಿ ಉದ್ದ, 10 ಅಡಿ ಅಗಲದ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 470 ಲೀಟರ್ ನೀರು ಕೆಳಗಿಳಿಯುತ್ತದೆ. ಇಷ್ಟೂ ಹಸುವಿನ ಕಾಲ ಬುಡಕ್ಕೆ ಬಂದರೆ ಯಾವ ಮೋರಿಯೂ ತಾಳುವುದಿಲ್ಲ. ತಗಡಿನ ದೋಣಿ ಹಾಕಿಯೋ, ಸೂರಿನ ಕೆಳಗೆ ಕಲ್ಲು ಜೋಡಿಸಿ ಕಾಲುವೆ ತೆಗೆದೋ ಅದನ್ನು ತೆಂಗಿನ ಬುಡಕ್ಕೆ ತಿರುಗಿಸಿ.

ಹಸು ನಿಲ್ಲುವ ನೆಲ ಗೋದಲಿಯಿಂದ ಹಿಂದಕ್ಕೆ 5 ಅಡಿಗೆ ಒಂದರಿಂದ ಒಂದೂವರೆ ಅಂಗುಲ ಇಳಿಜಾರಿದ್ದರೆ ಸಾಕು. ಹೆಚ್ಚಾದರೆ ಗಬ್ಬದ ಹಸುವಿಗೆ ಒಳ್ಳೆಯದಲ್ಲ. ರಸಮಟ್ಟ ಇಲ್ಲದಿದ್ದರೆ ಗಾರೆಯವರು ಮಾಡುವಂತೆ ಪಾರದರ್ಶಕ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡಿಕೊಳ್ಳಬಹುದು. ಕಲ್ಲು ಚಪ್ಪಡಿಯಾದರೆ ಸಂದುಗಳನ್ನು ಸಿಮೆಂಟಿನಿಂದ ತುಂಬಿ. ಸಿಮೆಂಟು ನೆಲವಾದರೆ ಹಸಿ ಇರುವಾಗಲೇ ಪೊರಕೆಯಿಂದ ಗೀರು ಎಳೆಯಿರಿ. ಮನೆಯೊಳಗಿನ ನೆಲದಂತೆ ನುಣುಪು ಮಾಡಿಸಿ, ಹಸು ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ನಮ್ಮನ್ನು ಕರೆಸಿದವರಿದ್ದಾರೆ. ಅದಕ್ಕೆ ನಮ್ಮ ಬಳಿ ಔಷಧಿಯಿಲ್ಲ.

ಹೊರಗೆ ಹಸು ಕಟ್ಟುವ ಜಾಗದ ಕೊಳೆತ ಮಣ್ಣನ್ನು ಅರ್ಧ ಅಡಿಯಷ್ಟು ಕೆರೆದು ತಿಪ್ಪೆಗೆ ಹಾಕಿ. ಒಳ್ಳೆಯ ಗೊಬ್ಬರ ಅದು. ಆ ಜಾಗಕ್ಕೆ ಒಡೆದ ಹೆಂಚು, ಇಟ್ಟಿಗೆ ಚೂರು ಹಾಕಿ, ಮೇಲೆ ಗರಸು ಹರಡಿ, ನೀರು ಚಿಮುಕಿಸಿ ಗಟ್ಟಿಯಾಗಿ ದಿಮ್ಮಿಸಿ. ತಿಪ್ಪೆ ಬಾವಿಯಿಂದ 50 ಅಡಿಯಾದರೂ ದೂರವಿರಲಿ.

ಮೋರಿಯಿಂದ ಮೇವಿಗೆ

ಹಸುವಿನ ಹಿಂದೆ ಒಂದಡಿ ಅಗಲದ, ತಳ ಗುಂಡಗಿರುವ, ಆಳವಿಲ್ಲದ ಮೋರಿ ಮಾಡಿ. ಪೊರಕೆ ಆಡುವಂತೆ ತೆರೆದೇ ಇರಲಿ. ಆಳ ಮಾಡಿದರೆ ಕಾಲು ಸಿಕ್ಕಿಕೊಳ್ಳುತ್ತದೆ. ಅದರ ಕೊನೆಯಲ್ಲಿ 2 ಅಡಿ ಚೌಕದ ಸಣ್ಣ ತೊಟ್ಟಿ ಕಟ್ಟಿದರೆ ಸಗಣಿ, ಹುಲ್ಲು ಅಲ್ಲೇ ತಂಗಿ ನೀರು ಮಾತ್ರ ಮುಂದೆ ಹೋಗುತ್ತದೆ. ಒಂದು ಹಸು ದಿನಕ್ಕೆ ಸುಮಾರು 10-15 ಲೀಟರ್ ಗಂಜಲ ಹುಯ್ಯುತ್ತದೆ. ಗೊಬ್ಬರದ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಸಾರಜನಕ ಅದರಲ್ಲಿದೆ, ನಾವು ಅದನ್ನು ಬೀದಿಗೆ ಬಿಡುತ್ತಿದ್ದೇವೆ.

ತೊಟ್ಟಿಯಿಂದ ಮುಂದೆ 20 ಅಡಿ ಚೌಕದ ಜಾಗ ಸಿಕ್ಕರೆ 2 ಅಡಿಗೊಂದರಂತೆ ಹೈಬ್ರಿಡ್ ನೇಪಿಯರ್ ನೆಡಿ. ಹತ್ತು ಸಾಲು, ಸಾಲಿಗೆ ಹತ್ತು, ಒಟ್ಟು 100 ಬುಡ. ಮೊದಲ ಕಟಾವು ಎರಡೂವರೆ ತಿಂಗಳಿಗೆ, ನಂತರ ಸುಮಾರು 45 ದಿನಕ್ಕೊಮ್ಮೆ. ಬುಡಕ್ಕೆ 2 ಕೆ.ಜಿ. ಎಂದು ಹಿಡಿದರೆ ಒಂದು ಸಾಲು 20 ಕೆ.ಜಿ. ಹಾಲು ಕೊಡುವ ಹಸುವಿಗೆ ದಿನಕ್ಕೆ 20-25 ಕೆ.ಜಿ. ಹಸಿರು ಮೇವು ಬೇಕು. ಅಂದರೆ ನಾಲ್ಕೈದು ದಿನಕ್ಕೊಂದು ಸಾಲು ಕೊಯ್ದರೆ ಒಂದು ದಿನದ ಹಸಿರು ಮೇವು ಮಾತ್ರ. ಹಿತ್ತಲಿನಲ್ಲೇ ಹಸು ಸಾಕಿಬಿಡಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನೀರಿನ ಖರ್ಚಿಲ್ಲದೆ, ಗೊಬ್ಬರದ ಖರ್ಚಿಲ್ಲದೆ, ಹೆಂಗಸರು ತಲೆಹೊರೆ ಹೊರದೆ ಬರುವ ಆ ಮೇವನ್ನು ಬಿಡುವುದೇಕೆ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಗಂಜಲದ ನೀರು ಹೆಚ್ಚಾಗಿ ಕುಡಿದ ಎಳೆ ಹುಲ್ಲಿನಲ್ಲಿ ನೈಟ್ರೇಟ್ ವಿಷ ಶೇಖರವಾಗಬಹುದು. ಆದ್ದರಿಂದ ದಿನಾ ಒಂದೇ ಮಡಿಗೆ ಬಿಡದೆ ನೀರನ್ನು ಮಡಿಯಿಂದ ಮಡಿಗೆ ತಿರುಗಿಸಿ. ಮೊಣಕಾಲೆತ್ತರದ ಎಳೆ ಹುಲ್ಲನ್ನು ಆತುರಕ್ಕೆ ಕೊಯ್ಯಬೇಡಿ. ರಾಗಿ ಹುಲ್ಲಿನ ಜೊತೆ ಕತ್ತರಿಸಿ ಬೆರೆಸಿಯೇ ಹಾಕಿ. ನೇಪಿಯರಿನಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ ಲವಣ ಮಿಶ್ರಣ ತಪ್ಪಿಸಬೇಡಿ. ನೀರು ನಿಂತೇ ಇರುವ ಮೂಲೆಯಲ್ಲಿ ಬಸವನ ಹುಳು ಸೇರುತ್ತದೆ, ಅದರಿಂದ ಹುಲ್ಲಿನ ಮೂಲಕ ಪಿತ್ತಜನಕಾಂಗದ ಜಂತು ಹಸುವಿಗೆ ಬರುತ್ತದೆ. ಆ ಮೂಲೆಯನ್ನು ಮಣ್ಣು ಹಾಕಿ ಎತ್ತರಿಸುವುದೇ ಸರಿ.

ಬೇಲಿಗೆ ಏನು ನೆಡುತ್ತೀರಿ?

ಹಿತ್ತಲು ಚೆಂದವಾದ ಮೇಲೆ ಬೇಲಿಯ ಆಸೆ ಬರುತ್ತದೆ. ದಯವಿಟ್ಟು ಕಣಗಿಲೆ ನೆಡಬೇಡಿ, ಕೆಂಪಾಗಲಿ ಹಳದಿಯಾಗಲಿ. ಒಂದು ಹಿಡಿ ಎಲೆ ದೊಡ್ಡ ಹಸುವಿನ ಹೃದಯ ನಿಲ್ಲಿಸಬಲ್ಲದು. ಹಸಿ ಎಲೆ ಕಹಿಯೆಂದು ಹಸು ಮುಟ್ಟದಿದ್ದರೂ, ಸವರಿ ಬಿಸಾಡಿದ ಎಲೆ ಒಣಗಿ ಮೇವಿನಲ್ಲಿ ಸೇರಿದರೆ ತಿಂದುಬಿಡುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ. ಪೂಜೆಗೆ ಹೂವು ಬೇಕೆನ್ನುವವರು ಮನೆಯ ಮುಂದೆ ಇಟ್ಟುಕೊಳ್ಳಿ, ಸವರಿದ್ದನ್ನು ಗುಂಡಿ ತೆಗೆದು ಹೂಳಿ. ಲಂಟಾನ, ಹರಳು ಇವೂ ಹಿತ್ತಲಿಗೆ ಬೇಡ. ಬೇಲಿಗೆ ಗೊಬ್ಬರದ ಗಿಡ (ಗ್ಲಿರಿಸಿಡಿಯ), ಚೊಗಚೆ, ನುಗ್ಗೆ ಹಾಕಿದರೆ ಸೊಪ್ಪು ಮೇವಾಗುತ್ತದೆ. ಪಡುವಣ ದಿಕ್ಕಿಗೆ ಒಂದು ಹೊಂಗೆ ಅಥವಾ ಬೇವು ಇದ್ದರೆ ಮಧ್ಯಾಹ್ನದ ಬಿಸಿಲಿಗೆ ಮಿಶ್ರತಳಿ ಹಸು ಏದುಸಿರು ಬಿಡುವುದು ತಪ್ಪುತ್ತದೆ.

ಕೆಲಸ ಮುಗಿದ ದಿನ ಮೊಳೆ, ಕಂಬಿ ಕಟ್ಟುವ ತಂತಿಯ ತುಂಡುಗಳನ್ನು ಒಂದೂ ಬಿಡದೆ ಆರಿಸಿ. ಹಸು ನಾಲಿಗೆಯಿಂದ ಸುತ್ತಿ ನುಂಗುವ ಪ್ರಾಣಿ, ಮೊಳೆಯನ್ನು ಬೇರ್ಪಡಿಸಲು ಅದಕ್ಕೆ ಬರುವುದಿಲ್ಲ. ಹೊಟ್ಟೆಯೊಳಗಿನ ತಂತಿ ಮುಂದಕ್ಕೆ ಸರಿದು ಹೃದಯಕ್ಕೆ ಚುಚ್ಚಿದರೆ ಎದೆಯ ಮುಂದೆ ನೀರು ತುಂಬಿ ಊದಿಕೊಳ್ಳುತ್ತದೆ, ಆ ಹಂತದಲ್ಲಿ ಉಳಿಸುವುದು ಬಹಳ ಕಷ್ಟ. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಹಿತ್ತಲ ತುಂಬ ಎಳೆದಾಡಿ. ಮಕ್ಕಳಿಗೆ ಹೇಳಿದರೆ ಖುಷಿಯಿಂದ ಮಾಡುತ್ತಾರೆ. ಬಣ್ಣದ ಡಬ್ಬಿ, ಹಳೆ ಬ್ಯಾಟರಿಯನ್ನು ಕರು ನೆಕ್ಕುವಂತೆ ಇಡಬೇಡಿ, ಅದರಲ್ಲಿ ಸೀಸದ ವಿಷವಿರುತ್ತದೆ.

ನೇಪಿಯರ್ ಕಡ್ಡಿಯನ್ನು ಮೂರು ತಿಂಗಳು ಬಲಿತ ಬುಡದಿಂದಲೇ ತನ್ನಿ. ಎರಡು ಗಣ್ಣಿನ ತುಂಡು ಮಾಡಿ, ಒಂದು ಗಣ್ಣು ಮಣ್ಣಿನೊಳಗೆ, ಒಂದು ಮೇಲೆ ಇರುವಂತೆ ಓರೆಯಾಗಿ ನೆಡಿ. ಅಂದೇ ನೆಡಲಾಗದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ.