ವಾಚ್ ಅಂಗಡಿಯಲ್ಲಿ ಕಲಿತ ಮ್ಯಾನೇಜ್‌ಮೆಂಟ್ ಪಾಠ

ದಸರಾ ರಜೆಯಲ್ಲಿ ನಾವು ನಾಲ್ಕು ಜನ ಹಾಸ್ಟೆಲ್ ಗೆಳೆಯರು, ನಮ್ಮಲ್ಲೇ ಒಬ್ಬನ ಊರಿಗೆ ಹೋಗಿದ್ವಿ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಅಲ್ಲಿ ಅವನ ಅಪ್ಪನದು ಪುಟ್ಟ ವಾಚ್ ರಿಪೇರಿ ಅಂಗಡಿ. ಮೂವತ್ತು ವರ್ಷದಿಂದ ಅದೇ ಗಾಜಿನ ಪೆಟ್ಟಿಗೆ, ಅದೇ ಟೇಬಲ್ ಲ್ಯಾಂಪ್, ಕಣ್ಣಿಗೆ ಸಿಕ್ಕಿಸಿಕೊಳ್ಳೋ ಅದೇ ಭೂತಗನ್ನಡಿ. ಇವನ ಕಾಲೇಜ್ ಫೀಸ್ ಕಟ್ಟಿದ್ದೂ ಅದೇ ಅಂಗಡಿ. ಕಾಫಿ ಕೊಟ್ಟು ಅವರು ಕೇಳಿದ್ರು: "ನೀವೆಲ್ಲಾ ಇಂಜಿನಿಯರಿಂಗ್ ಓದ್ತಿದೀರಲ್ಲಪ್ಪಾ, ಹೇಳಿ ನೋಡೋಣ. ಈ ಅಂಗಡಿ ಇಟ್ಕೋಬೇಕಾ, ಮುಚ್ಚಬೇಕಾ?"

ನಾವು ಒಂದು ಸೆಕೆಂಡೂ ಯೋಚಿಸದೆ, "ಅಂಕಲ್, ಆನ್‌ಲೈನ್ ಬನ್ನಿ, ವೆಬ್‌ಸೈಟ್ ಮಾಡ್ಕೊಡ್ತೀವಿ" ಅಂದ್ವಿ. ಅವರು ನಕ್ಕರು. "ವೆಬ್‌ಸೈಟ್ ಸರಿ. ಅದರಲ್ಲಿ ಏನು ಮಾರ್ಲಿ?" ಅಂದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ.

ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಟೆಕ್ನಾಲಜಿ, ಕೆಲಸ, ಸಮಾಜ ಮೂರೂ ಬದಲಾದಾಗ ಒಂದು ವ್ಯಾಪಾರ ಹೇಗೆ ಹೊಂದಿಕೊಳ್ಳುತ್ತೆ ಅಂತ ವಾಚ್‌ನ ಕಥೆ ಇಟ್ಟುಕೊಂಡೇ ಓದಿದ್ವಿ. ಓದಿದ್ದನ್ನು ಇಲ್ಲಿ ನಿಮ್ಮ ಜೊತೆ ಹಂಚಿಕೊಳ್ತಿದ್ದೀವಿ.

ಮೊದಲ ಬದಲಾವಣೆ: ಟೆಕ್ನಾಲಜಿ

ಹಳೇ ಕೀ ಕೊಡೋ ವಾಚ್‌ನಲ್ಲಿ ಶಕ್ತಿ ಇರೋದು ಸುತ್ತಿಟ್ಟ ಸ್ಪ್ರಿಂಗ್‌ನಲ್ಲಿ. ಆ ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಹಲ್ಲಿನ ಚಕ್ರಗಳು ತಿರುಗುತ್ತವೆ. ಒಂದೇ ಸಲ ಬಿಚ್ಚಿಕೊಳ್ಳದ ಹಾಗೆ ತಡೆದು ತಡೆದು ಬಿಡೋದು ಬ್ಯಾಲೆನ್ಸ್ ವೀಲ್. ಎಚ್‌ಎಂಟಿ ಜನತಾದಂಥ ವಾಚ್ ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತೆ. ಚಳಿ, ಸೆಕೆ, ಧೂಳು, ಎಣ್ಣೆ ಒಣಗೋದು ಎಲ್ಲವೂ ಆ ಟಿಕ್ ಮೇಲೆ ಪರಿಣಾಮ ಬೀರುತ್ತೆ. ಹಾಗಾಗಿ ದಿನಕ್ಕೆ ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ ಹಿಂದೆ ಮುಂದೆ ಆಗೋದು ಮಾಮೂಲು.

ಕ್ವಾರ್ಟ್ಜ್ ವಾಚ್‌ನಲ್ಲಿ ಸ್ಪ್ರಿಂಗ್ ಬದಲು ಸೆಲ್, ಬ್ಯಾಲೆನ್ಸ್ ವೀಲ್ ಬದಲು ಒಂದು ಪುಟ್ಟ ಸ್ಫಟಿಕ. ಕರೆಂಟ್ ಕೊಟ್ಟರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಈ ಸಂಖ್ಯೆ ಎಲ್ಲಿಂದ ಬಂತು? ಮೂರನೇ ಸೆಮಿಸ್ಟರ್‌ನ ಡಿಜಿಟಲ್ ಎಲೆಕ್ಟ್ರಾನಿಕ್ಸ್ ನೆನಪಿಸಿಕೊಳ್ಳಿ. ಅದು 2ರ 15ನೇ ಘಾತ. ಒಂದು ಫ್ಲಿಪ್‌ಫ್ಲಾಪ್ ಫ್ರೀಕ್ವೆನ್ಸಿಯನ್ನು ಅರ್ಧ ಮಾಡುತ್ತೆ. ಹದಿನೈದನ್ನು ಸಾಲಾಗಿ ಇಟ್ಟರೆ ಕೊನೆಗೆ ಸಿಗೋದು ಸರಿಯಾಗಿ ಸೆಕೆಂಡಿಗೆ ಒಂದು ಪಲ್ಸ್. ನಾವು ಲ್ಯಾಬ್‌ನಲ್ಲಿ ಬೇಜಾರು ಮಾಡ್ಕೊಂಡು ಕಟ್ಟೋ ರಿಪಲ್ ಕೌಂಟರ್ ಇದೇ! ಇಂಥ ಸಾಧಾರಣ ವಾಚ್ ಕೂಡ ತಿಂಗಳಿಗೆ ಹದಿನೈದು, ಇಪ್ಪತ್ತು ಸೆಕೆಂಡ್ ಮಾತ್ರ ತಪ್ಪುತ್ತೆ.

ಗೊತ್ತಿದ್ದೂ ಸೋತವರು

ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿದ್ದು ಜಪಾನಿನ ಸೀಕೋ, 1969ರ ಡಿಸೆಂಬರ್ 25ರಂದು. ಆದರೆ ಅದಕ್ಕೆ ಎರಡು ವರ್ಷ ಮೊದಲೇ, 1967ರಲ್ಲಿ, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಸಂಶೋಧನಾ ಕೇಂದ್ರದಲ್ಲಿ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ಸಿದ್ಧವಾಗಿತ್ತು. ಅಂದ್ರೆ ಸ್ವಿಸ್ ಇಂಜಿನಿಯರ್‌ಗಳಿಗೆ ಹೊಸ ವಿದ್ಯೆ ಗೊತ್ತಿತ್ತು. ಆದರೂ 1970ರಲ್ಲಿ ಸುಮಾರು 90,000 ಜನರಿಗೆ ಕೆಲಸ ಕೊಟ್ಟಿದ್ದ ಅವರ ವಾಚ್ ಉದ್ಯಮದಲ್ಲಿ, 1980ರ ದಶಕದ ನಡುವಿಗೆ ಉಳಿದಿದ್ದು ಮೂವತ್ತು ಸಾವಿರ ಚಿಲ್ಲರೆ ಜನ.

ಯಾಕೆ ಹೀಗಾಯ್ತು? ಅವರ ಹಳೇ ವಿದ್ಯೆ ತುಂಬಾ ಚೆನ್ನಾಗಿತ್ತು, ಅದಕ್ಕೇ. ನೂರಾರು ಚಿಕ್ಕ ಕಾರ್ಖಾನೆಗಳು, ಒಬ್ಬರು ಸ್ಪ್ರಿಂಗ್, ಒಬ್ಬರು ಚಕ್ರ, ಒಬ್ಬರು ಡಯಲ್. ಇಡೀ ಊರಿಗೆ ಊರೇ ಹಳೇ ಪದ್ಧತಿಗೆ ಹೊಂದಿಕೊಂಡಿದ್ದಾಗ ಯಾರು ಮೊದಲು ಬಿಡ್ತಾರೆ?

ಅವರು ಚೇತರಿಸಿಕೊಂಡಿದ್ದು 1983ರಲ್ಲಿ ಸ್ವಾಚ್ ಬಂದ ಮೇಲೆ. ಪ್ಲಾಸ್ಟಿಕ್ ಕೇಸು, ಒಳಗೆ ಬರೀ 51 ಬಿಡಿಭಾಗ, ಬಣ್ಣ ಬಣ್ಣದ ಡಿಸೈನ್. ಜೀವಮಾನಕ್ಕೆ ಒಂದೇ ವಾಚ್ ಅನ್ನೋ ಅಭ್ಯಾಸ ಬಿಡಿಸಿ, ಬಟ್ಟೆಗೆ ತಕ್ಕ ಹಾಗೆ ವಾಚ್ ಕಟ್ಟೋದನ್ನ ಅದು ಜನಕ್ಕೆ ಕಲಿಸಿತು.

ಜಾಲಹಳ್ಳಿ ಮತ್ತು ಹೊಸೂರು

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಎಚ್‌ಎಂಟಿ, ಅಂದ್ರೆ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಶುರುವಾಗಿದ್ದು 1953ರಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಇಲ್ಲಿ ವಾಚ್ ತಯಾರಿಕೆ ಆರಂಭವಾಯ್ತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಂಚನ್ ಇವೆಲ್ಲಾ ನಮ್ಮ ತಾತಂದಿರಿಗೆ ಬಾಯಿಪಾಠ. ಮದುವೆ ಗಂಡಿಗೆ ಎಚ್‌ಎಂಟಿ ವಾಚ್ ಕೊಡೋದು ಅಂದ್ರೆ ಒಂದು ಮರ್ಯಾದೆ. ಕಣ್ಣು ಕಾಣದವರಿಗಾಗಿ ಬ್ರೈಲ್ ವಾಚ್ ಕೂಡ ಮಾಡಿದ ಕಂಪನಿ ಅದು.

1984ರಲ್ಲಿ ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಟೈಟಾನ್ ಕಟ್ಟಿದ್ವು. ಮುಂದಾಳು ಜೆರ್ಕ್ಸಿಸ್ ದೇಸಾಯಿ. ಕಾರ್ಖಾನೆ ಅತ್ತಿಬೆಲೆ ದಾಟಿದ್ರೆ ಸಿಗೋ ಹೊಸೂರಿನಲ್ಲಿ. ಅವರ ಆಯ್ಕೆ ಕ್ವಾರ್ಟ್ಜ್. 1987ರ ಹೊತ್ತಿಗೆ ವಾಚ್‌ಗಳು ಅಂಗಡಿಗೆ ಬಂದ್ವು.

"ಎಚ್‌ಎಂಟಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲ, ಅದಕ್ಕೆ ಸೋತಿತು" ಅಂತ ನಾವೂ ಅಂದ್ಕೊಂಡಿದ್ವಿ. ಅದು ತಪ್ಪು. 1980ರ ದಶಕದ ಆರಂಭದಲ್ಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚ್ ತಂದಿತ್ತು. ಆದರೆ ಅದರ ಕಾರ್ಖಾನೆಗಳು, ಯಂತ್ರಗಳು, ಸಾವಿರಾರು ಕಾರ್ಮಿಕರ ಕೈಚಳಕ ಎಲ್ಲಾ ಕೀ ವಾಚ್‌ಗೆ ಕಟ್ಟಿದ್ದು. ಬೇಡಿಕೆ ಜಾಸ್ತಿ, ಪೂರೈಕೆ ಕಡಿಮೆ ಇದ್ದ ಕಾಲದಲ್ಲಿ ಬೆಳೆದ ಕಂಪನಿಗೆ, ಗಿರಾಕಿಯನ್ನು ಒಲಿಸಿಕೊಳ್ಳೋ ಅಗತ್ಯವೇ ಬಂದಿರಲಿಲ್ಲ. ಟೈಟಾನ್‌ಗೆ ಬಿಡೋಕೆ ಹಳೇದು ಏನೂ ಇರಲಿಲ್ಲ. ಅದು ಹೊಳೆಯೋ ಶೋರೂಮ್ ಕಟ್ಟಿತು, ಮೊಜಾರ್ಟ್ ಸಂಗೀತ ಹಾಕಿ ಜಾಹೀರಾತು ಮಾಡಿತು, ವಾಚನ್ನು ಉಡುಗೊರೆ ಅಂತ ಮಾರಿತು. ಕೆಲಸಕ್ಕೆ ಹೊಸೂರಿನ ಸುತ್ತಮುತ್ತಲಿನ ಯುವಕ ಯುವತಿಯರನ್ನು ತೆಗೆದುಕೊಂಡು ತರಬೇತಿ ಕೊಟ್ಟಿತು.

1991ರ ನಂತರ ಮಾರುಕಟ್ಟೆ ತೆರೆದುಕೊಂಡ ಮೇಲೆ ಪೈಪೋಟಿ ಇನ್ನೂ ಹೆಚ್ಚಾಯ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆ ಜಾಗ ಇವತ್ತು ಇಸ್ರೋ ಕೈಯಲ್ಲಿದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಾವಿರಾರು ಸಂಸಾರಗಳನ್ನು ಹೊತ್ತ ಹಳೇ ಸರ್ಕಾರಿ ಕಂಪನಿಯನ್ನೂ, ಖಾಲಿ ಜಾಗದಲ್ಲಿ ಶುರುವಾದ ಹೊಸ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಸುಲಭ ಅಲ್ಲ. ಹಾಗಾಗಿ "ಅವರು ಸೋಮಾರಿಗಳು, ಇವರು ಜಾಣರು" ಅನ್ನೋದು ನಮ್ಮ ಪಾಠ ಅಲ್ಲ. ಹೊಸದನ್ನು ಕಲಿಯೋದಕ್ಕಿಂತ, ಚೆನ್ನಾಗಿ ಬರೋ ಹಳೇದನ್ನು ಎಷ್ಟು ಬಿಡಬೇಕು ಅಂತ ತೀರ್ಮಾನಿಸೋದು ಕಷ್ಟ. ಇದೇ ಪಾಠ.

ಎರಡನೇ ಬದಲಾವಣೆ: ಕೆಲಸ

ಕಂಪನಿಗಳ ಮಟ್ಟದಲ್ಲಿ ನಡೆದದ್ದು ಗೆಳೆಯನ ಅಪ್ಪನ ಟೇಬಲ್ ಮೇಲೂ ನಡೆದಿದೆ. ಅವರು ಹೇಳಿದ್ದು ಹೀಗೆ: "ಮುಂಚೆ ವಾಚ್ ನಿಂತ್ರೆ ಬಿಚ್ಚಿ, ಪೆಟ್ರೋಲ್‌ನಲ್ಲಿ ತೊಳೆದು, ಎಣ್ಣೆ ಬಿಟ್ಟು ಜೋಡಿಸ್ತಿದ್ದೆ. ಅರ್ಧ ದಿನದ ಕೆಲಸ. ಕ್ವಾರ್ಟ್ಜ್ ಬಂದ್ಮೇಲೆ ಸೆಲ್ ಹಾಕು, ಇಲ್ಲಾ ಮೆಷಿನ್ನೇ ಬದಲಾಯಿಸು. ಐದು ನಿಮಿಷ. ಅದಕ್ಕೆ ನನ್ನ ಕೈ ಯಾಕೆ ಬೇಕು?"

ಈ ಮಾತು ನಮಗೆ ಚುಚ್ಚಿತು. ಟೆಕ್ನಾಲಜಿ ಬದಲಾದಾಗ ಕೆಲಸ ಪೂರ್ತಿ ಮಾಯ ಆಗಲ್ಲ. ಕೆಲಸದೊಳಗಿನ ಕೌಶಲ ಜಾಗ ಬದಲಾಯಿಸುತ್ತೆ. ಅವರ ಕೈಯಲ್ಲಿದ್ದ ಕೌಶಲ ಚಿಪ್ ಒಳಗೆ ಹೋಗಿತ್ತು. ಆದರೂ ಅವರು ಸುಮ್ಮನೆ ಕೂರಲಿಲ್ಲ. ಸೆಲ್, ಬೆಲ್ಟ್, ಗೋಡೆ ಗಡಿಯಾರ ಇಟ್ಟರು. ಒಂದೊಂದರಲ್ಲಿ ಲಾಭ ಕಡಿಮೆ, ಬರೋ ಜನ ಜಾಸ್ತಿ. ಹಾಗೆ ಅಂಗಡಿ ನಡೀತು.

ಮೂರನೇ ಬದಲಾವಣೆ: ಸಮಾಜ

ಆಮೇಲೆ ಮೊಬೈಲ್ ಬಂತು. ಟೈಮ್ ನೋಡೋಕೆ ವಾಚೇ ಬೇಕು ಅನ್ನೋ ಕಾಲ ಮುಗೀತು. ಇದು ಮೊದಲನೆಯದಕ್ಕಿಂತ ದೊಡ್ಡ ಹೊಡೆತ. ಕ್ವಾರ್ಟ್ಜ್ ಬಂದಾಗ ವಾಚ್ ಮಾಡೋ ರೀತಿ ಬದಲಾಗಿತ್ತು, ಮೊಬೈಲ್ ಬಂದಾಗ ವಾಚ್ ಯಾಕೆ ಬೇಕು ಅನ್ನೋದೇ ಬದಲಾಯ್ತು.

ಇಲ್ಲಿ ಟೈಟಾನ್‌ನ ಇನ್ನೊಂದು ಹೆಜ್ಜೆ ಗಮನಿಸಿ. 1990ರ ದಶಕದ ನಡುವಿನಲ್ಲಿ ಅದು ತನಿಷ್ಕ್ ಹೆಸರಲ್ಲಿ ಒಡವೆ ವ್ಯಾಪಾರಕ್ಕೆ ಇಳಿಯಿತು. ಮೊದಲು ತಂದಿದ್ದು 18 ಕ್ಯಾರೆಟ್ ಒಡವೆ. ಜನ ಒಪ್ಪಲಿಲ್ಲ. ನಮ್ಮಲ್ಲಿ ಚಿನ್ನ ಅಂದ್ರೆ ಬರೀ ಅಲಂಕಾರ ಅಲ್ಲ, ಕಷ್ಟಕಾಲಕ್ಕೆ ಇರಲಿ ಅಂತ ಕೂಡಿಟ್ಟ ಆಸ್ತಿ. ಕಂಪನಿ 22 ಕ್ಯಾರೆಟ್‌ಗೆ ಬಂತು, ಜೊತೆಗೆ ಚಿನ್ನದ ಶುದ್ಧತೆ ಅಳೆಯೋ ಕ್ಯಾರೆಟ್ ಮೀಟರ್ ಅನ್ನು ಅಂಗಡಿಯಲ್ಲೇ ಇಟ್ಟಿತು. ಇವತ್ತು ಆ ಕಂಪನಿಯ ಆದಾಯದ ದೊಡ್ಡ ಪಾಲು ಬರೋದು ವಾಚ್‌ನಿಂದಲ್ಲ, ಒಡವೆಯಿಂದ. ಮೊದಲ ಲೆಕ್ಕ ತಪ್ಪಿದ್ದನ್ನು ಒಪ್ಪಿಕೊಂಡು ತಿದ್ದಿಕೊಂಡಿದ್ದೇ ಇಲ್ಲಿ ಮುಖ್ಯ.

ಮತ್ತೆ ಅಂಗಡಿಗೆ

ಇಷ್ಟು ಓದಿದ ಮೇಲೆ ನಾವು ಅಂಕಲ್‌ಗೆ ಫೋನ್ ಮಾಡಿ ಒಂದೇ ಕೆಲಸ ಹೇಳಿದ್ವಿ. ಒಂದು ವಾರ ಅಂಗಡಿಗೆ ಯಾರು ಬಂದ್ರು, ಏನು ಕೇಳಿದ್ರು, ಎಲ್ಲಾ ನೋಟ್‌ಬುಕ್‌ನಲ್ಲಿ ಬರೀರಿ. ಬರೆದ್ರು. ಬಂದವರು 41 ಜನ. ಸೆಲ್‌ಗೆ 23, ಬೆಲ್ಟ್‌ಗೆ 9, ಗೋಡೆ ಗಡಿಯಾರಕ್ಕೆ 4. ಉಳಿದ 5 ಜನ ತಂದಿದ್ದು ಹಳೇ ಕೀ ವಾಚ್! ತೀರಿಹೋದ ಅಪ್ಪನದು, ತಾತನದು. "ಟೈಮ್ ನೋಡೋಕಲ್ಲ, ಓಡಿದ್ರೆ ಸಾಕು" ಅಂದ್ರಂತೆ ಒಬ್ಬಮ್ಮ. ಆ ಐದು ವಾಚ್‌ಗಳ ಕೂಲಿ, 23 ಸೆಲ್‌ಗಳ ಲಾಭಕ್ಕಿಂತ ಜಾಸ್ತಿ ಇತ್ತು.

ಯಾರಿಗೂ ಬೇಡ ಅಂತ ಅವರೇ ಅಂದ್ಕೊಂಡಿದ್ದ ಕೈಚಳಕಕ್ಕೆ ಬೆಲೆ ಇನ್ನೂ ಇತ್ತು. ಈಗ ಅಂಗಡಿ ಮುಂದೆ "ಹಳೆಯ ಕೀ ವಾಚ್ ರಿಪೇರಿ ಮಾಡಲಾಗುವುದು" ಅಂತ ಬೋರ್ಡ್ ಇದೆ. ಗಾಜಿನ ಪೆಟ್ಟಿಗೆಯ ಅರ್ಧ ಜಾಗ ಮೊಬೈಲ್ ಚಾರ್ಜರ್, ಕವರ್‌ಗಳಿಗೆ ಹೋಗಿದೆ. ಬೇರೆ ಊರಿನವರು ವಾಚ್‌ನ ಫೋಟೋ ಕಳಿಸಲಿ ಅಂತ ವಾಟ್ಸಾಪ್ ನಂಬರ್ ಹಾಕಿದ್ದೀವಿ. ವೆಬ್‌ಸೈಟ್ ಇನ್ನೂ ಮಾಡಿಲ್ಲ. ಅಂಗಡಿ ಹತ್ತು ವರ್ಷ ಉಳಿಯುತ್ತಾ? ಒಂದು ವಾರದ ಲೆಕ್ಕದಿಂದ ಅದನ್ನ ಹೇಳೋಕಾಗಲ್ಲ. ಈ ವರ್ಷ ಮುಚ್ಚಲ್ಲ ಅಂತ ಅವರು ತೀರ್ಮಾನ ಮಾಡಿದ್ದಾರೆ.

ನೆನಪಿಡಬೇಕಾದ್ದು

1. ಹೊಸ ಟೆಕ್ನಾಲಜಿ ಗೊತ್ತಿದ್ರೆ ಸಾಲದು. ಸ್ವಿಸ್ಸರಿಗೂ ಎಚ್‌ಎಂಟಿಗೂ ಗೊತ್ತಿತ್ತು.

2. ಯಂತ್ರ ಬದಲಾದರೆ ಕೆಲಸಗಾರರ ಕೌಶಲದ ಜಾಗವೂ ಬದಲಾಗುತ್ತೆ. ತರಬೇತಿ ಇಲ್ಲದೆ ಬದಲಾವಣೆ ಅರ್ಧಂಬರ್ಧ.

3. ಜನ ನಮ್ಮ ಹತ್ರ ಯಾಕೆ ಬರ್ತಾರೆ ಅನ್ನೋ ಕಾರಣ ಸದ್ದಿಲ್ಲದೆ ಬದಲಾಗ್ತಿರುತ್ತೆ. ಆಗಾಗ ಎಣಿಸಿ ನೋಡಬೇಕು.

4. ಹಳೇದೆಲ್ಲಾ ಬಿಸಾಡೋದೂ ಹೊಂದಾಣಿಕೆ ಅಲ್ಲ.

ಕೊನೆಗೆ ನಮಗೇ ಒಂದು ಪ್ರಶ್ನೆ. ನಾವೀಗ ರಾತ್ರಿಯೆಲ್ಲಾ ಕೂತು ಕಲೀತಿರೋ ಕೋಡಿಂಗ್‌ನ ಒಂದಿಷ್ಟನ್ನು ಎಐ ಐದು ನಿಮಿಷದಲ್ಲಿ ಬರೀತಿದೆ. "ಅದಕ್ಕೆ ನನ್ನ ಕೈ ಯಾಕೆ ಬೇಕು?" ಅಂತ ಅಂಕಲ್ ಕೇಳಿದ ಮಾತು ನಾಳೆ ನಮ್ಮ ಬಾಯಲ್ಲೂ ಬರಬಹುದು. ಕಲಿತದ್ದರಲ್ಲಿ ಯಾವುದನ್ನ ಬಿಡಬೇಕು, ಯಾವುದನ್ನ ಇಟ್ಕೋಬೇಕು? ನೀವೂ ಒಂದು ನೋಟ್‌ಬುಕ್ ತಗೊಳ್ಳಿ. ಈ ವಾರ ಗೆಳೆಯರು, ಮೇಷ್ಟ್ರು, ಮನೆಯವರು ನಿಮ್ಮ ಹತ್ರ ಯಾವ ಕೆಲಸಕ್ಕೆ ಬಂದ್ರು ಅಂತ ಬರೆದು ನೋಡಿ. ನಾವು ಶುರು ಮಾಡಿದ್ದೀವಿ.