ತೋಳಿನ ಗರ್ಭನಿರೋಧಕ ಕಡ್ಡಿ ಮತ್ತು ಸ್ಕ್ಯಾನ್ ಪರೀಕ್ಷೆ

ವೈದ್ಯರು ಎಂ.ಆರ್.ಐ. ಪರೀಕ್ಷೆ ಬರೆದುಕೊಟ್ಟೊಡನೆ, ತೋಳಿನಲ್ಲಿರುವ ಗರ್ಭನಿರೋಧಕ ಕಡ್ಡಿಯನ್ನು ಮೊದಲು ತೆಗೆಸಬೇಕೆಂದು ಕೆಲವು ದಂಪತಿಗಳು ಭಾವಿಸುವುದುಂಟು. ಅದರ ಅಗತ್ಯವಿಲ್ಲ. ಸುಮಾರು 4 ಸೆಂ.ಮೀ. ಉದ್ದದ ಈ ಒಂಟಿ ಕಡ್ಡಿಯು ಬಾಗುವ ಪ್ಲಾಸ್ಟಿಕ್ಕಿನದು. ಲೋಹವಲ್ಲವಾದ್ದರಿಂದ ಯಂತ್ರದ ಅಯಸ್ಕಾಂತವು ಅದನ್ನು ಸೆಳೆಯದು. ಕ್ಷ-ಕಿರಣ ಚಿತ್ರದಲ್ಲಿ ಬಿಳಿಯ ಗೆರೆಯೊಂದು ಕಂಡರೆ ಗಾಬರಿಯಾಗಬೇಡಿ. ಕೈಗೆ ಸಿಗದ ಕಡ್ಡಿಯನ್ನು ಪತ್ತೆ ಹಚ್ಚಲೆಂದೇ ಅದರಲ್ಲಿ ಬೇರಿಯಂ ಲವಣವನ್ನು ಬೆರೆಸಿರುತ್ತಾರೆ. ಈ ಪರೀಕ್ಷೆಗಳಿಂದ ಔಷಧದ ಶಕ್ತಿ ಕುಂದುವುದಿಲ್ಲ. ಅವಸರದಿಂದ ತೆಗೆಸಿದಲ್ಲಿ ಮಾತ್ರ ರಕ್ಷಣೆ ತಪ್ಪಿ, ಕೆಲವೇ ವಾರಗಳಲ್ಲಿ ಬೇಡದ ಗರ್ಭ ನಿಲ್ಲಬಹುದು.

ತಾಮ್ರದ ತಂತಿಯುಳ್ಳ ಕಾಪರ್-ಟಿ ಹಾಕಿಸಿಕೊಂಡವರಿಗೂ ಸಾಮಾನ್ಯವಾಗಿ ಎಂ.ಆರ್.ಐ.ಗೆ ಅಡ್ಡಿಯಿಲ್ಲ. ಆದರೆ ಸಾಧನ ಯಾವುದೆಂಬುದನ್ನು ಸಿಬ್ಬಂದಿಗೆ ಮೊದಲೇ ತಿಳಿಸಿ, ಅದನ್ನು ಹಾಕಿದಾಗ ಕೊಟ್ಟ ಕಾರ್ಡನ್ನು ತೋರಿಸಿರಿ. ತಲೆಯ ಪಿನ್ನು, ಬಳೆ, ಕಾಲುಂಗುರ, ಮಾಂಗಲ್ಯ ಇವುಗಳನ್ನು ತೆಗೆದು ಪತಿಯ ಕೈಗೆ ಕೊಟ್ಟು ಒಳಗೆ ಹೋಗಬೇಕು.